ಸಮ್ಮೋಹನ: ಶಕ್ತಿ ಯಾರದು? – ಒಂದು ತಪ್ಪುಗ್ರಹಿಕೆಯ ಚರಿತ್ರೆ

‘ಹಿಪ್ನಾಟಿಸಂ’ ಎಂಬುದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ‘ಸಮ್ಮೋಹನ’ ಎಂಬ ಪದ ಇಂದು ನೆಲೆನಿಂತಿದೆ. ‘ವಶೀಕರಣ’, ‘ಮೋಡಿ’ ಎಂಬ ಪದಗಳನ್ನು ಅದೇ ಅರ್ಥದಲ್ಲಿ ಬಳಸುವವರೂ ಉಂಟು. ಈ ಮೂರು ಪದಗಳೂ ಆಧುನಿಕ ಮನೋವಿಜ್ಞಾನಕ್ಕಿಂತ ಬಹಳ ಹಿಂದಿನವು ಎಂಬುದನ್ನು ಮೊದಲಿಗೆ ಗಮನಿಸಬೇಕು. ಸಮ್ಮೋಹನವೆಂಬುದು ಮನ್ಮಥನ ಪಂಚಬಾಣಗಳಲ್ಲಿ ಒಂದರ ಹೆಸರು. ವಿರಾಟಪರ್ವದ ಗೋಗ್ರಹಣ ಪ್ರಸಂಗದಲ್ಲಿ ಅರ್ಜುನನು ಪ್ರಯೋಗಿಸುವ ಅಸ್ತ್ರದ ಹೆಸರೂ ಅದೇ. ಕೌರವಸೇನೆ ನಿಂತಲ್ಲಿಯೇ ಮೈಮರೆಯುತ್ತದೆ, ಉತ್ತರಕುಮಾರನು ರಥದಿಂದಿಳಿದು ವೀರರ ವಸ್ತ್ರಗಳನ್ನು ತೆಗೆದುಕೊಂಡು ಬರುತ್ತಾನೆ, ಅಸ್ತ್ರದ ಪ್ರತೀಕಾರವನ್ನು ಬಲ್ಲ ಭೀಷ್ಮನೊಬ್ಬ ಮಾತ್ರ ಎಚ್ಚರವಾಗಿರುತ್ತಾನೆ. ವಶೀಕರಣವು ತಂತ್ರಗ್ರಂಥಗಳು ಹೇಳುವ ಷಟ್ಕರ್ಮಗಳಲ್ಲಿ ಒಂದು. ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣಗಳ ಪಂಕ್ತಿಯಲ್ಲಿ ಅದಕ್ಕೆ ಸ್ಥಾನ. ಮೋಡಿಯಾದರೋ ನಮ್ಮ ಹಳ್ಳಿಗಳಲ್ಲಿ ಮಂತ್ರವಾದಿಗಳು ಪಂಥ ಕಟ್ಟಿ ಆಡುತ್ತಿದ್ದ ಆಟ. ಇವುಗಳ ಜೊತೆಗೆ ‘ಮಂಕುಬೂದಿ ಎರಚು’ ಎಂಬ ನುಡಿಗಟ್ಟನ್ನೂ ಸೇರಿಸಿಕೊಂಡರೆ ಒಂದು ಸಾಮಾನ್ಯ ಲಕ್ಷಣ ಸ್ಪಷ್ಟವಾಗುತ್ತದೆ. ಎಲ್ಲ ಕಡೆಯೂ ಎಸೆಯುವವನೊಬ್ಬ, ಏಟು ತಿನ್ನುವವನೊಬ್ಬ. ಶಕ್ತಿಯೆಲ್ಲ ಎಸೆಯುವವನ ಕೈಯಲ್ಲಿ.

ಸಮ್ಮೋಹನವನ್ನು ಕುರಿತು ಜನಸಾಮಾನ್ಯರಲ್ಲಿರುವ ತಪ್ಪುಗ್ರಹಿಕೆಗಳೆಲ್ಲ ಈ ಒಂದು ಚಿತ್ರದ ಸುತ್ತ ಹೆಣೆದುಕೊಂಡಿವೆ. ಸಮ್ಮೋಹಕನ ಕಣ್ಣಿನಲ್ಲಿ ವಿಶೇಷ ಶಕ್ತಿಯಿದೆ, ಸಮ್ಮೋಹಿತನು ನಿದ್ರಿಸುತ್ತಾನೆ, ಅವನ ಇಚ್ಛಾಶಕ್ತಿ ಅಡಗಿ ಹೋಗುತ್ತದೆ, ಹೇಳಿದ್ದನ್ನೆಲ್ಲ ಮಾಡುತ್ತಾನೆ, ಕೇಳಿದ್ದಕ್ಕೆಲ್ಲ ಸತ್ಯವನ್ನೇ ನುಡಿಯುತ್ತಾನೆ ಎಂಬ ನಂಬಿಕೆಗಳು ಹಳ್ಳಿ ಪಟ್ಟಣಗಳೆಂಬ ಭೇದವಿಲ್ಲದೆ ಹಬ್ಬಿವೆ. ಇವನ್ನು ಅವಿದ್ಯಾವಂತರ ಮೂಢನಂಬಿಕೆಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಚರಿತ್ರೆಯನ್ನು ಪರಿಶೀಲಿಸಿದಾಗ ಕಂಡುಬರುವುದು ಬೇರೆಯೇ. ಇವುಗಳಲ್ಲಿ ಪ್ರತಿಯೊಂದೂ ಒಂದು ಕಾಲದಲ್ಲಿ ಯೂರೋಪಿನ ವಿದ್ಯಾವಂತ ವೈದ್ಯರು ಪ್ರತಿಪಾದಿಸಿದ ಸಿದ್ಧಾಂತವೇ ಆಗಿತ್ತು. ವಿಜ್ಞಾನವು ಆ ಸಿದ್ಧಾಂತಗಳನ್ನು ಬಿಟ್ಟು ಮುಂದೆ ಸಾಗಿತು; ಚಿತ್ರ ಮಾತ್ರ ಉಳಿಯಿತು. ಆ ಚಿತ್ರವನ್ನು ಮೊತ್ತಮೊದಲು ಸ್ಪಷ್ಟ ಮಾತುಗಳಲ್ಲಿ ನಿರಾಕರಿಸಿದವರಲ್ಲಿ ನಮ್ಮ ನೆರೆಯ ಗೋವೆಯವನೊಬ್ಬನಿದ್ದನು ಎಂಬುದು ಕನ್ನಡಿಗರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ. ಪ್ರಸ್ತುತ ಲೇಖನವು ಮುಖ್ಯವಾಗಿ ಅವನನ್ನೂ, ಅವನ ನಂತರ ಬಂಗಾಳದ ಹೂಗ್ಲಿಯಲ್ಲಿ ಅವನಿಗೆ ತೀರ ವಿರುದ್ಧವಾದ ನಂಬಿಕೆಯಿಂದ ಕೆಲಸ ಮಾಡಿದ ಒಬ್ಬ ಶಸ್ತ್ರವೈದ್ಯನನ್ನೂ ಕುರಿತದ್ದು.

ಪ್ಯಾರಿಸ್ಸಿನ ತೋಟದ ಮರ

ಕಥೆ ಆರಂಭವಾಗುವುದು ಫ್ರಾಂಜ್ ಆಂಟನ್ ಮೆಸ್ಮರ್‌ನಿಂದ. 1734ರಲ್ಲಿ ಜನಿಸಿದ ಈತನು ವಿಯೆನ್ನಾದಲ್ಲಿ 1766ರಲ್ಲಿ ವೈದ್ಯಪದವಿಗಾಗಿ ಮಂಡಿಸಿದ ಪ್ರಬಂಧದ ವಿಷಯವೇ ಮಾನವ ಶರೀರದ ಮೇಲೆ ಗ್ರಹಗಳ ಪ್ರಭಾವ. ವಿಶ್ವವನ್ನೆಲ್ಲ ವ್ಯಾಪಿಸಿರುವ ಒಂದು ಸೂಕ್ಷ್ಮ ದ್ರವವಿದೆ, ದೇಹದಲ್ಲಿ ಅದರ ಹರಿವಿಗೆ ಅಡ್ಡಿಯಾದಾಗ ರೋಗ ಉಂಟಾಗುತ್ತದೆ, ಬಲ್ಲ ವೈದ್ಯನು ತನ್ನ ಕೈಯ ನೀವುವಿಕೆಯಿಂದ ಅದನ್ನು ರೋಗಿಗೆ ಹರಿಸಬಹುದು ಎಂಬುದು ಅವನ ಸಿದ್ಧಾಂತದ ತಿರುಳು. ಇದನ್ನು ಅವನು ಜೈವಿಕ ಕಾಂತಶಕ್ತಿ ಎಂದು ಕರೆದನು. 1778ರಲ್ಲಿ ಅವನು ಪ್ಯಾರಿಸ್ಸಿಗೆ ಬಂದ ಮೇಲೆ ನಡೆದ ಸಾಮೂಹಿಕ ಚಿಕಿತ್ಸೆಗಳು ಪ್ರಸಿದ್ಧವಾಗಿವೆ. ನೀರು ಮತ್ತು ಕಬ್ಬಿಣದ ಚೂರು ತುಂಬಿದ ಮರದ ತೊಟ್ಟಿ, ಅದರಿಂದ ಹೊರಚಾಚಿದ ಸರಳುಗಳನ್ನು ಹಿಡಿದು ಕುಳಿತ ರೋಗಿಗಳು, ಗಾಜಿನ ವಾದ್ಯದ ಸಂಗೀತ, ಮತ್ತು ಕೊನೆಗೆ ಸೆಳವು.

1784ರಲ್ಲಿ ಹದಿನಾರನೆಯ ಲೂಯಿ ನೇಮಿಸಿದ ಆಯೋಗವು ಇದನ್ನು ಪರೀಕ್ಷಿಸಿತು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲಾವೋಸಿಯೇ, ಖಗೋಳಜ್ಞ ಬೈಯಿ, ವೈದ್ಯ ಗಿಯೊಟಿನ್ ಅದರ ಸದಸ್ಯರಲ್ಲಿದ್ದರು. (ಹತ್ತು ವರ್ಷ ಕಳೆಯುವುದರೊಳಗೆ ಬೈಯಿ ಮತ್ತು ಲಾವೋಸಿಯೇ ಇಬ್ಬರೂ ಬಲಿಯಾದದ್ದು ಗಿಯೊಟಿನ್‌ನ ಹೆಸರು ಹೊತ್ತ ಯಂತ್ರಕ್ಕೆ.) ಆಯೋಗ ಪರೀಕ್ಷಿಸಿದ್ದು ಮೆಸ್ಮರ್‌ನನ್ನಲ್ಲ, ಅವನ ಶಿಷ್ಯ ದೆಸ್ಲೋನ್‌ನನ್ನು. ಪ್ಯಾರಿಸ್ಸಿನ ಹೊರವಲಯದ ಪಾಸೀಯಲ್ಲಿದ್ದ ಫ್ರಾಂಕ್ಲಿನ್ನನ ಮನೆಯ ತೋಟದಲ್ಲಿ ದೆಸ್ಲೋನ್ ಒಂದು ಏಪ್ರಿಕಾಟ್ ಮರಕ್ಕೆ ಕಾಂತಶಕ್ತಿ ತುಂಬಿದನು. ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಕರೆತಂದು, ಒಂದೊಂದೇ ಮರವನ್ನು ತಬ್ಬಿ ನಿಲ್ಲುವಂತೆ ಹೇಳಲಾಯಿತು. ಮೊದಲ ಮರದಲ್ಲಿಯೇ ಅವನು ಬೆವರಿ ಕೆಮ್ಮಿದನು, ನಾಲ್ಕನೆಯದರಲ್ಲಿ ಮೂರ್ಛೆಹೋದನು. ಆ ನಾಲ್ಕರಲ್ಲಿ ಒಂದೂ ಕಾಂತಶಕ್ತಿ ತುಂಬಿದ ಮರವಾಗಿರಲಿಲ್ಲ. ಮರಗಳಿಗೆಲ್ಲ ಸಹಜವಾಗಿಯೇ ಕಾಂತಶಕ್ತಿ ಇರುತ್ತದೆ ಎಂದು ದೆಸ್ಲೋನ್ ಸಮಜಾಯಿಷಿ ಕೊಟ್ಟನು. ಹಾಗಿದ್ದರೆ ತೋಟದಲ್ಲಿ ತಿರುಗಾಡುವ ಸೂಕ್ಷ್ಮಪ್ರಕೃತಿಯವರೆಲ್ಲ ಬೀಳಬೇಕಾಗಿತ್ತಲ್ಲ ಎಂಬುದು ಆಯೋಗದ ಉತ್ತರ.

ಕಲ್ಪನೆಯಿದ್ದಲ್ಲಿ ಕಾಂತಶಕ್ತಿ ಇಲ್ಲದೆಯೂ ಪರಿಣಾಮವಾಗುತ್ತದೆ, ಕಲ್ಪನೆಯಿಲ್ಲದಲ್ಲಿ ಕಾಂತಶಕ್ತಿಯಿಂದ ಏನೂ ಆಗದು ಎಂಬ ನಿರ್ಣಯಕ್ಕೆ ಅವರು ಬಂದರು. ಪ್ರಯೋಗ ವಿಜ್ಞಾನದ ಚರಿತ್ರೆಯಲ್ಲಿ ಈ ವರದಿಗೆ ಗೌರವದ ಸ್ಥಾನವಿದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ‘ಕೇವಲ ಕಲ್ಪನೆ’ ಎಂದು ಹೇಳಿ ಕೈತೊಳೆದುಕೊಂಡ ಆ ವಿದ್ವಾಂಸರು, ಕಲ್ಪನೆ ಮಾತ್ರದಿಂದ ಹುಡುಗನೊಬ್ಬ ಮೂರ್ಛೆಹೋಗುವುದಾದರೆ ಅದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಲಿಲ್ಲ. ಅದೇ ವರ್ಷ ಮೆಸ್ಮರ್‌ನ ಮತ್ತೊಬ್ಬ ಶಿಷ್ಯ, ಬ್ಯುಜಾನ್ಸಿಯ ಜಮೀನುದಾರ ಪ್ಯುಯಿಸೆಗೂರ್, ವಿಕ್ತೋರ್ ರಾಸ್ ಎಂಬ ರೈತಯುವಕನಲ್ಲಿ ಸೆಳವಿಗೆ ಬದಲು ಶಾಂತವಾದ ಒಂದು ಅವಸ್ಥೆಯನ್ನು ಕಂಡನು. ಕಣ್ಣು ಮುಚ್ಚಿದ್ದರೂ ಅವನು ಮಾತನಾಡುತ್ತಿದ್ದನು, ಎದ್ದ ಮೇಲೆ ಏನೂ ನೆನಪಿರಲಿಲ್ಲ. ‘ಕೃತಕ ನಿದ್ರಾಸಂಚಾರ’ ಎಂದು ಇದಕ್ಕೆ ಹೆಸರಾಯಿತು. ನಿದ್ರೆಯ ಉಪಮೆ ಸಮ್ಮೋಹನಕ್ಕೆ ಅಂಟಿಕೊಂಡದ್ದು ಇಲ್ಲಿಂದ.

ಕಾಂದೋಲಿಯ ಪಾದ್ರಿ

ಜೋಸೆ ಕುಸ್ತೋದಿಯೊ ದೆ ಫಾರಿಯಾ ಹುಟ್ಟಿದ್ದು 1756ರಲ್ಲಿ, ಗೋವೆಯ ಬಾರ್ದೇಶ ತಾಲ್ಲೂಕಿನ ಕಾಂದೋಲಿ ಗ್ರಾಮದಲ್ಲಿ. ಮನೆಮಾತು ಕೊಂಕಣಿ, ತಂದೆಯ ಕಡೆಯವರು ಹಿಂದೆ ಮತಾಂತರ ಹೊಂದಿದ ಸಾರಸ್ವತ ಬ್ರಾಹ್ಮಣರು. ತಂದೆ ಕಾಯೆತಾನ್ ವಿತೋರಿನೊ 1771ರಲ್ಲಿ ಮಗನನ್ನು ಕರೆದುಕೊಂಡು ಲಿಸ್ಬನ್ನಿಗೆ ಹೋದನು. ಮಗ ರೋಮಿನಲ್ಲಿ ಓದಿ 1780ರಲ್ಲಿ ಪಾದ್ರಿಯಾದನು. ಲಿಸ್ಬನ್ನಿನ ರಾಜಸನ್ನಿಧಿಯಲ್ಲಿ ಪ್ರವಚನಕ್ಕೆ ನಿಂತ ತರುಣ ಫಾರಿಯಾನಿಗೆ ಬಾಯಿ ಕಟ್ಟಿಹೋದಾಗ, ಕೆಳಗಿದ್ದ ತಂದೆ ಕೊಂಕಣಿಯಲ್ಲಿ ‘ಇವೆಲ್ಲ ಬರೀ ಭಾಜಿ, ಕತ್ತರಿಸು ಭಾಜಿಯನ್ನು’ ಎಂದು ಪಿಸುಗುಟ್ಟಿದನೆಂದೂ, ಮಗನ ಮಾತು ಆಮೇಲೆ ಸಲೀಸಾಗಿ ಹರಿಯಿತೆಂದೂ ಗೋವೆಯಲ್ಲಿ ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವಾಗಿಯೇ ಸ್ವೀಕರಿಸಬೇಕು. ಆದರೆ ಒಂದು ಮಾತಿನಿಂದ ಮನುಷ್ಯನ ಸ್ಥಿತಿ ಹೇಗೆ ಬದಲಾಗಬಲ್ಲದು ಎಂಬ ಚಿಂತನೆ ಫಾರಿಯಾನಲ್ಲಿ ಮೊಳೆತದ್ದು ಅಂದೇ ಎಂದು ಜನರು ಕಥೆ ಹೆಣೆದಿರುವುದು ಅರ್ಥಪೂರ್ಣವಾಗಿದೆ.

1787ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ವಿರುದ್ಧ ನಡೆದ ಪಿಂಟೊಗಳ ಸಂಚು ಬಯಲಾಯಿತು. ಅದರ ಮರುವರ್ಷ ಫಾರಿಯಾ ಪ್ಯಾರಿಸ್ಸಿನಲ್ಲಿದ್ದನು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1795ರಲ್ಲಿ, ಕನ್ವೆನ್ಷನ್ನಿನ ವಿರುದ್ಧ ಎದ್ದ ಒಂದು ತುಕಡಿಯ ಮುಂದಾಳಾಗಿಯೂ ಅವನು ಕಾಣಿಸಿಕೊಳ್ಳುತ್ತಾನೆ. 1811ರಲ್ಲಿ ಮಾರ್ಸೇಲ್ಸ್‌ನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕ. 1813ರಲ್ಲಿ ಮತ್ತೆ ಪ್ಯಾರಿಸ್. ಅಲ್ಲಿ ಕ್ಲಿಶಿ ಬೀದಿಯಲ್ಲಿ ‘ಸ್ಪಷ್ಟನಿದ್ರೆ’ಯನ್ನು ಕುರಿತ ಅವನ ಸಾರ್ವಜನಿಕ ಉಪನ್ಯಾಸಗಳು ಆರಂಭವಾದವು.

ಅವನ ವಿಧಾನ ಸರಳವಾಗಿತ್ತು. ತೊಟ್ಟಿಯಿಲ್ಲ, ಸರಳುಗಳಿಲ್ಲ, ಸಂಗೀತವಿಲ್ಲ, ಮೈ ನೀವುವುದಿಲ್ಲ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ನಿದ್ರೆಯ ಮೇಲೆಯೇ ಮನಸ್ಸನ್ನು ನಿಲ್ಲಿಸುವಂತೆ ಹೇಳುವುದು. ಅವರು ಶಾಂತರಾದಾಗ ಗಟ್ಟಿ ದನಿಯಲ್ಲಿ ‘ನಿದ್ರಿಸು!’ ಎನ್ನುವುದು. ಫಲಿಸದಿದ್ದರೆ ತೆರೆದ ಅಂಗೈಯನ್ನು ದಿಟ್ಟಿಸಲು ಹೇಳಿ ಅದನ್ನು ಮುಖದ ಸಮೀಪಕ್ಕೆ ತರುವುದು. ಮೂರು ನಾಲ್ಕು ಬಾರಿ ಯತ್ನಿಸಿಯೂ ಆಗದವರನ್ನು ಅವನು ಸುಮ್ಮನೆ ಬಿಟ್ಟುಬಿಡುತ್ತಿದ್ದನು. ಈ ಬಿಟ್ಟುಬಿಡುವಿಕೆಯೇ ಅವನ ಸಿದ್ಧಾಂತಕ್ಕೆ ಕೀಲಿಕೈ. ದ್ರವವೊಂದು ಸಮ್ಮೋಹಕನಿಂದ ಹರಿಯುವುದಾದರೆ ಅದು ಎಲ್ಲರ ಮೇಲೂ ಪರಿಣಾಮ ಬೀರಬೇಕಾಗಿತ್ತು, ಹಾಗಾಗುತ್ತಿಲ್ಲ, ಆದ್ದರಿಂದ ಕಾರಣವನ್ನು ಸಮ್ಮೋಹಿತನಲ್ಲಿಯೇ ಹುಡುಕಬೇಕು. ತಾನು ಯಾರಿಗೂ ಏನನ್ನೂ ಕೊಡುವುದಿಲ್ಲ, ಅವರಲ್ಲಿ ಇರುವುದನ್ನು ಎಚ್ಚರಿಸುವ ನಿಮಿತ್ತಮಾತ್ರನೆಂಬುದು ಅವನ ನಿಲುವು. ಹಳೆಯ ಪಾರಿಭಾಷಿಕ ಪದಗಳನ್ನೂ ಅವನು ಒಪ್ಪಲಿಲ್ಲ. ‘ಕಾಂತಿಸುವವನು’ ಎಂಬುದರ ಬದಲು ‘ಏಕಾಗ್ರಗೊಳಿಸುವವನು’ ಎಂಬ ಅರ್ಥದ ಪದವನ್ನು ತಂದನು. ಹೆಸರು ಬದಲಾಗದೆ ತಿಳಿವಳಿಕೆ ಬದಲಾಗದೆಂಬುದನ್ನು ಅವನು ಕಂಡುಕೊಂಡಿದ್ದನೆಂದು ತೋರುತ್ತದೆ.

ಅವನು ಹೇಳಿದ್ದೆಲ್ಲ ಸರಿಯಾಗಿತ್ತೆಂದು ಇದರ ಅರ್ಥವಲ್ಲ. ರಕ್ತ ತೆಳುವಾಗಿರುವವರಿಗೆ ಸ್ಪಷ್ಟನಿದ್ರೆ ಬೇಗ ಬರುತ್ತದೆ, ಆ ಸ್ಥಿತಿಯಲ್ಲಿರುವವರು ರೋಗಗಳನ್ನು ಗುರುತಿಸಬಲ್ಲರು ಎಂದು ಅವನು ನಂಬಿದ್ದನು. ಅವನನ್ನು ಕಾಲಕ್ಕೆ ಮೀರಿದ ಆಧುನಿಕನೆಂದು ಕೊಂಡಾಡುವವರು ಈ ಭಾಗವನ್ನು ಬಿಟ್ಟು ಓದುತ್ತಾರೆ.

ಪ್ಯಾರಿಸ್ ಅವನನ್ನು ನಡೆಸಿಕೊಂಡ ಬಗೆ ಹೃದ್ಯವಾದುದಲ್ಲ. ಕಪ್ಪು ಮೈಬಣ್ಣದ, ಎತ್ತರದ ಆ ಪಾದ್ರಿಯಲ್ಲಿ ನೋಡಲು ಬಂದವರು ಬಯಸಿದ್ದು ಪೂರ್ವದೇಶದ ಮಾಂತ್ರಿಕನನ್ನು. ತನ್ನ ಗ್ರಂಥದ ಮುಖಪುಟದಲ್ಲಿ ಅವನು ತನ್ನನ್ನು ‘ಬ್ರಾಮಿನ್’ ಎಂದು ಕರೆದುಕೊಂಡದ್ದು ಆ ಬಯಕೆಗೆ ಸ್ವಲ್ಪ ಇಂಬು ಕೊಟ್ಟಿರಲೂಬಹುದು. ನಟನೊಬ್ಬ ನಿದ್ರೆ ಬಂದವನಂತೆ ನಟಿಸಿ, ನಡುವೆ ಕಣ್ಣುಬಿಟ್ಟು ಸಭೆಯನ್ನು ನಗಿಸಿದನು. 1816ರಲ್ಲಿ ಅವನನ್ನು ಗೇಲಿ ಮಾಡುವ ಪ್ರಹಸನವೇ ರಂಗವೇರಿತು. ಮಠವೊಂದರ ಪಾದ್ರಿಯಾಗಿ ಬದುಕಿನ ಕೊನೆಯ ದಿನಗಳನ್ನು ಕಳೆದ ಅವನು 1819ರ ಸೆಪ್ಟೆಂಬರ್ 20ರಂದು ತೀರಿಕೊಂಡನು. ಸ್ಪಷ್ಟನಿದ್ರೆಯ ಕಾರಣವನ್ನು ಕುರಿತ ಅವನ ಗ್ರಂಥದ ಮೊದಲ ಸಂಪುಟ ಬಂದದ್ದು ಅದೇ ವರ್ಷ. ಯೋಜಿಸಿದ್ದ ಉಳಿದ ಸಂಪುಟಗಳು ಬೆಳಕು ಕಾಣಲಿಲ್ಲ. ಅಲೆಕ್ಸಾಂಡರ್ ದ್ಯುಮಾ 1844ರಿಂದ ಧಾರಾವಾಹಿಯಾಗಿ ಪ್ರಕಟಿಸಿದ ‘ಕೌಂಟ್ ಆಫ್ ಮಾಂಟೆಕ್ರಿಸ್ಟೊ’ ಕಾದಂಬರಿಯ ಸೆರೆಮನೆಯ ಮುದಿ ಪಾದ್ರಿಗೆ ಅವನ ಹೆಸರನ್ನಿಟ್ಟನು. ಲೋಕಕ್ಕೆ ಫಾರಿಯಾ ಎಂಬ ಹೆಸರು ತಿಳಿದಿರುವುದು ಹೆಚ್ಚಾಗಿ ಹೀಗೆಯೇ.

ಪಣಜಿಯಲ್ಲಿ ಮಾಂಡೋವಿಯ ದಂಡೆಗೆ, ಬಿಜಾಪುರದ ಆದಿಲಶಾಹಿಗಳ ಕಾಲದ ಅರಮನೆಯ ಪಕ್ಕಕ್ಕೆ, 1945ರಲ್ಲಿ ಸ್ಥಾಪಿಸಿದ ಫಾರಿಯಾನ ಕಂಚಿನ ಪ್ರತಿಮೆಯಿದೆ. ಗೋವೆಯ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತರ ಕೃತಿ. ನಿಲುವಂಗಿ ತೊಟ್ಟ ಪಾದ್ರಿ ಎರಡೂ ಕೈಗಳನ್ನು ಚಾಚಿ ಬಾಗಿದ್ದಾನೆ. ಅವನ ಕೈಗಳ ಕೆಳಗೆ ಹೆಂಗಸೊಬ್ಬಳು ಹಿಂದಕ್ಕೆ ವಾಲಿ ಬೀಳುತ್ತಿದ್ದಾಳೆ. ಶಿಲ್ಪವಾಗಿ ಅದು ಶಕ್ತಿಯುತವಾದುದು, ನೋಡಿದವರು ಮರೆಯಲಾರರು. ಆದರೆ ಆ ಚಾಚಿದ ಕೈಗಳಿಂದ ಏನೋ ಹೊಮ್ಮುತ್ತಿದೆ, ಅದಕ್ಕೆ ಸಿಕ್ಕಿ ಅವಳು ಬೀಳುತ್ತಿದ್ದಾಳೆ ಎಂದಲ್ಲದೆ ಬೇರೆ ಅರ್ಥ ಆ ಭಂಗಿಗೆ ಹೊರಡದು. ತನ್ನ ಕೈಯಿಂದ ಏನೂ ಹೊಮ್ಮುವುದಿಲ್ಲವೆಂದು ಸಾಧಿಸಲು ಬದುಕಿನ ಕೊನೆಯ ವರ್ಷಗಳನ್ನು ಸವೆಸಿದವನಿಗೆ ಸ್ವಂತ ನಾಡು ಎತ್ತಿದ ಸ್ಮಾರಕ ಅದು.

ಹೂಗ್ಲಿಯ ಆಸ್ಪತ್ರೆ

ಫಾರಿಯಾ ತೀರಿಕೊಂಡ ಇಪ್ಪತ್ತಾರು ವರ್ಷಗಳ ಮೇಲೆ ಸಮ್ಮೋಹನದ ಚರಿತ್ರೆಯ ಬಹುದೊಡ್ಡ ಪ್ರಯೋಗ ನಡೆದದ್ದು ಭಾರತದಲ್ಲಿ. ಅದನ್ನು ನಡೆಸಿದ ಜೇಮ್ಸ್ ಎಸ್ಡೇಲ್ 1808ರಲ್ಲಿ ಸ್ಕಾಟ್ಲೆಂಡಿನ ಮಾಂಟ್ರೋಸ್‌ನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯ ಕಲಿತು, ಈಸ್ಟ್ ಇಂಡಿಯಾ ಕಂಪೆನಿಯ ಸೇವೆಗೆ ಬಂದವನು. ಹೂಗ್ಲಿಯ ಸೆರೆಮನೆಯ ಆಸ್ಪತ್ರೆಯೂ ಇಮಾಂಬಾಡಾ ಆಸ್ಪತ್ರೆಯೂ ಅವನ ಸುಪರ್ದಿನಲ್ಲಿದ್ದವು.

1845ರ ಏಪ್ರಿಲ್ 4ರಂದು ಮಾಧಬ್ ಕೌರಾ ಎಂಬ ಕೈದಿಯನ್ನು ಅವನ ಮುಂದೆ ತರಲಾಯಿತು. ಹಂದಿ ವ್ಯಾಪಾರದವನು; ಒಬ್ಬನನ್ನು ಗಾಯಗೊಳಿಸಿದ ಅಪರಾಧಕ್ಕಾಗಿ ಬೇಡಿ ತೊಟ್ಟು ರಸ್ತೆ ಕೆಲಸ ಮಾಡುವ ಏಳು ವರ್ಷಗಳ ಶಿಕ್ಷೆ ಅವನಿಗಾಗಿತ್ತು. ಎರಡೂ ಕಡೆ ಅಂಡವೃದ್ಧಿ. ಒಂದು ಕಡೆಯ ನೀರು ತೆಗೆದು, ಅಂದಿನ ಪದ್ಧತಿಯಂತೆ ಉರಿಯುವ ಔಷಧವನ್ನು ಒಳಗೆ ಚುಚ್ಚಿದಾಗ ಅವನು ನೋವಿನಿಂದ ಒದ್ದಾಡಿದನು. ಬಳಿಯಲ್ಲಿದ್ದ ದೇಶೀಯ ಸಹಾಯಕ ವೈದ್ಯನನ್ನು ಎಸ್ಡೇಲ್ ಕೇಳಿದ್ದು, ‘ಮೆಸ್ಮರಿಸಂ ನೋಡಿದ್ದೀಯಾ?’ ಎಂದು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಯಾರೋ ಯತ್ನಿಸಿದ್ದನ್ನು ನೋಡಿದ್ದೇನೆ, ಏನೂ ಆಗಲಿಲ್ಲ ಎಂದು ಅವನ ಉತ್ತರ. ಎಸ್ಡೇಲ್ ಸ್ವತಃ ಅದನ್ನು ಎಂದೂ ನೋಡಿದವನಲ್ಲ; ಓದಿ ತಿಳಿದದ್ದಷ್ಟೇ. ಆದರೂ ಕೈಗಳನ್ನು ರೋಗಿಯ ಮುಖದ ಮೇಲಿನಿಂದ ಹೊಟ್ಟೆಯವರೆಗೆ ನಿಧಾನವಾಗಿ ಇಳಿಸುತ್ತ, ಉಸಿರು ಊದುತ್ತ ಕುಳಿತನು. ಸಾಕಷ್ಟು ಹೊತ್ತಿನ ಬಳಿಕ ರೋಗಿ ಸೂಜಿ ಚುಚ್ಚಿದರೂ, ಬೆಂಕಿ ತಾಗಿಸಿದರೂ ಮಿಸುಕದ ಸ್ಥಿತಿಗೆ ಬಂದನು. ಕೆಲವು ದಿನಗಳ ನಂತರ ಇನ್ನೊಂದು ಕಡೆಯ ಶಸ್ತ್ರಚಿಕಿತ್ಸೆ ಅದೇ ಸ್ಥಿತಿಯಲ್ಲಿ, ನೋವಿನ ಕುರುಹಿಲ್ಲದೆ ನಡೆಯಿತು. ಈ ವಿವರಗಳೆಲ್ಲ 1846ರಲ್ಲಿ ಪ್ರಕಟವಾದ ‘ಮೆಸ್ಮರಿಸಂ ಇನ್ ಇಂಡಿಯಾ’ ಎಂಬ ಅವನ ಗ್ರಂಥದಲ್ಲಿವೆ. 

ಆ ಕಾಲದ ಶಸ್ತ್ರಚಿಕಿತ್ಸೆ ಎಂತಹುದೆಂಬುದನ್ನು ನೆನೆದರೆ ಮಾತ್ರ ಇದರ ಮಹತ್ತ್ವ ತಿಳಿದೀತು. ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನ ಬಾಸ್ಟನ್ನಿನಲ್ಲಿ ನಡೆದದ್ದು 1846ರ ಅಕ್ಟೋಬರ್ 16ರಂದು. ಕ್ಲೋರೋಫಾರ್ಮ್ ಬಂದದ್ದು 1847ರ ನವೆಂಬರಿನಲ್ಲಿ. ಅಲ್ಲಿಯವರೆಗೆ ರೋಗಿಯನ್ನು ನಾಲ್ವರು ಅದುಮಿ ಹಿಡಿಯುವುದು, ವೈದ್ಯನು ಆದಷ್ಟು ಬೇಗ ಕತ್ತಿ ಆಡಿಸುವುದು ಇದೇ ಕ್ರಮ. ಬಂಗಾಳದಲ್ಲಿ ಆನೆಕಾಲು ರೋಗದಿಂದ ವೃಷಣಕೋಶಗಳು ಅಗಾಧವಾಗಿ ಊದಿಕೊಂಡು, ಎದ್ದು ನಡೆಯಲಾರದೆ ವರ್ಷಗಟ್ಟಲೆ ನರಳುತ್ತಿದ್ದವರು ಅನೇಕರು. ಅಂಥವರು ಸುದ್ದಿ ತಿಳಿದು ಹೂಗ್ಲಿಗೆ ಬರತೊಡಗಿದರು. ಎಸ್ಡೇಲ್ ಭಾರತದಲ್ಲಿ ಇದ್ದಷ್ಟು ಕಾಲ ಇಂತಹ ನೂರಾರು ಶಸ್ತ್ರಚಿಕಿತ್ಸೆಗಳನ್ನು ಮಾಡಿದನು.

ಸಮ್ಮೋಹನದ ಕೆಲಸವನ್ನು ಬಹುಬೇಗ ಅವನು ತನ್ನ ಕೈಯಿಂದ ಬಿಟ್ಟುಕೊಟ್ಟನು ಎಂಬುದು ಇಲ್ಲಿ ಬಹಳ ಮುಖ್ಯ. ಗಂಟೆಗಟ್ಟಲೆ ಬಗ್ಗಿ ನಿಂತು ಕೈಯಾಡಿಸುವುದು ಆಯಾಸದ ಕೆಲಸ. ಆಸ್ಪತ್ರೆಯ ಹಿಂದೂ ಮುಸಲ್ಮಾನ ಸಹಾಯಕರು, ಔಷಧ ಅರೆಯುವ, ಗಾಯ ಕಟ್ಟುವ ತರುಣರು, ಕತ್ತಲು ಮಾಡಿದ ಕೋಣೆಯಲ್ಲಿ ದಿನಕ್ಕೆ ಕೆಲವು ಗಂಟೆಗಳಂತೆ ಅನೇಕ ದಿನ ರೋಗಿಯನ್ನು ಸಿದ್ಧಪಡಿಸುತ್ತಿದ್ದರು. ಸಾಹೇಬನು ಬಂದು ಶಸ್ತ್ರ ಹಿಡಿಯುತ್ತಿದ್ದನು. ಯಾರ ಕೈಯಾದರೂ ನಡೆಯುತ್ತದೆ ಎಂದಾದ ಮೇಲೆ ಶಕ್ತಿ ಕೈಯಲ್ಲಿದೆಯೆಂಬ ಸಿದ್ಧಾಂತ ಸಡಿಲವಾಗಬೇಕಾಗಿತ್ತು. ಎಸ್ಡೇಲನಿಗೆ ಹಾಗೆ ತೋರಲಿಲ್ಲ. ಕಾಂತದ್ರವದ ಅಸ್ತಿತ್ವವನ್ನು ಅವನು ದೃಢವಾಗಿ ನಂಬಿದ್ದನು. ನೀರಿಗೂ ಅದನ್ನು ತುಂಬಬಹುದೆಂದು ಹೇಳುತ್ತಿದ್ದನು. ಅದೇ ಹೊತ್ತಿಗೆ ಬಂಗಾಳದ ಮಂತ್ರವಾದಿಯೊಬ್ಬನು ಉಸಿರು ಊದಿ, ಸೊಪ್ಪಿನಿಂದ ಸವರಿ ಮಾಡುತ್ತಿದ್ದ ‘ಝಾಡ್-ಫೂಂಕ್’ ಚಿಕಿತ್ಸೆಯನ್ನು ನೋಡಿ, ಇದೂ ನನ್ನದೂ ಒಂದೇ ವಿದ್ಯೆಯೆಂದು ಅವನು ನಿಸ್ಸಂಕೋಚವಾಗಿ ಬರೆದಿದ್ದಾನೆ. ಕಂಪೆನಿಯ ವೈದ್ಯನೊಬ್ಬ ಹೀಗೆ ಒಪ್ಪಿಕೊಂಡದ್ದು ಅಪರೂಪದ ಸಂಗತಿ.

1846ರಲ್ಲಿ ಬಂಗಾಳದ ಸರ್ಕಾರವು ವಿಚಾರಣಾ ಸಮಿತಿಯನ್ನು ನೇಮಿಸಿತು. ಭಾರತದಲ್ಲಿ ತಂತಿ ವ್ಯವಸ್ಥೆಯನ್ನು ತಂದ ಡಾ. ಓಷಾಗ್ನೆಸಿ ಅದರಲ್ಲಿದ್ದನು. ಸಮಿತಿ ಕಂಡ ರೋಗಿಗಳಲ್ಲಿ ಕೆಲವರು ಕದಲದೆ ಮಲಗಿದ್ದರು. ಇನ್ನು ಕೆಲವರ ಮೈ ಹೊರಳಿತು, ಮುಖ ಅದುಮಿಟ್ಟ ಯಾತನೆಯಿಂದ ವಿಕಾರವಾಯಿತು. ಎಚ್ಚರವಾದ ಮೇಲೆ ಅವರೂ ನೋವಾಗಲಿಲ್ಲವೆಂದೇ ಹೇಳಿದರು. ಸಮಿತಿಯ ವರದಿ ಒಟ್ಟಿನಲ್ಲಿ ಅನುಕೂಲವಾಗಿಯೇ ಇತ್ತು. ಕಲ್ಕತ್ತೆಯಲ್ಲಿ ಒಂದು ವರ್ಷದ ಮಟ್ಟಿಗೆ ಪ್ರತ್ಯೇಕ ಮೆಸ್ಮರಿಕ್ ಆಸ್ಪತ್ರೆ ತೆರೆಯಿತು. ಅವಧಿ ಮುಗಿದ ಮೇಲೆ ನಗರದ ನಾಗರಿಕರು ವಂತಿಗೆ ಎತ್ತಿ ಅದನ್ನು ಮುಂದುವರಿಸಿದರು. ಅಷ್ಟರಲ್ಲಿ ಕ್ಲೋರೋಫಾರ್ಮ್ ಹಡಗೇರಿ ಬಂದಿತ್ತು. ಹತ್ತು ದಿನಗಳ ಕೈನೀವುವಿಕೆಯೆಲ್ಲಿ, ಕೆಲವು ನಿಮಿಷಗಳ ಆವಿಯೆಲ್ಲಿ! 1851ರಲ್ಲಿ ಎಸ್ಡೇಲ್ ಸ್ವದೇಶಕ್ಕೆ ಮರಳಿ, 1859ರಲ್ಲಿ ನಿಧನನಾದನು.

ಅವನ ವಿರೋಧಿಗಳ ವಾದವನ್ನೂ ಉಲ್ಲೇಖಿಸಬೇಕು. ರೋಗಿಗಳು ನಟಿಸುತ್ತಿದ್ದಾರೆ, ಸಾಹೇಬನನ್ನು ಮೆಚ್ಚಿಸಲು ನೋವು ನುಂಗಿಕೊಂಡಿದ್ದಾರೆ, ದೇಶೀಯರ ಮೈ ಮರಗಟ್ಟಿದ್ದು ಎಂದೆಲ್ಲ ಕಲ್ಕತ್ತೆಯ ಐರೋಪ್ಯ ವೈದ್ಯರು ಹೇಳಿದರು. ಎಸ್ಡೇಲ್ ಇದನ್ನು ಕಟುವಾಗಿ ಗೇಲಿ ಮಾಡಿದನು. ಆದರೆ ಭಾರತೀಯರು ಪ್ರಕೃತಿಗೆ ಹತ್ತಿರವಾದ ದುರ್ಬಲ ಜನ, ಆದ್ದರಿಂದ ಬೇಗ ವಶವಾಗುತ್ತಾರೆಂಬ ಅವನ ವಿವರಣೆಯೂ ಅದೇ ವರ್ಣಾಭಿಮಾನದ ಬೇರೊಂದು ಮುಖ. ಕೈದಿಗಳು, ಬಡವರು, ವರ್ಷಗಳಿಂದ ನರಳಿ ಕೊನೆಯ ಆಸೆಯಿಂದ ಬಂದವರು, ದಿನವಿಡೀ ತಮ್ಮ ಪಕ್ಕದಲ್ಲಿ ತಮ್ಮದೇ ಭಾಷೆಯ ಒಬ್ಬ ತರುಣ ತಾಳ್ಮೆಯಿಂದ ಕುಳಿತಿರುವುದನ್ನು ಕಂಡವರು: ಅವರ ನಿರೀಕ್ಷೆ, ಅವರ ಏಕಾಗ್ರತೆ, ಅವರ ಸಾಮರ್ಥ್ಯ ಎಂಬ ದಿಕ್ಕಿನಲ್ಲಿ ಇಬ್ಬರೂ ಯೋಚಿಸಲಿಲ್ಲ. ಫಾರಿಯಾನ ಗ್ರಂಥ ಅವರ ಕೈಗೆ ಸಿಕ್ಕಿದ್ದರೆ ಯೋಚಿಸಬಹುದಿತ್ತೋ ಏನೋ.

ಅದೇ 1845ರ ಹೂಗ್ಲಿಯಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಕ್ಷೌರಿಕನೊಬ್ಬ ಹುಡುಗನನ್ನು ಮಂಕು ಕವಿಸಿ ತನ್ನ ಹಿಂದೆ ಕರೆದೊಯ್ದನೆಂಬ ಆಪಾದನೆ ನ್ಯಾಯಾಲಯಕ್ಕೆ ಬಂದಿತು. ಇದು ಸಾಧ್ಯವೇ ಎಂದು ಎಸ್ಡೇಲನನ್ನು ಕೇಳಲಾಗಿ, ಅವನು ತನ್ನಿಂದ ಮೊದಲೇ ಸಮ್ಮೋಹನಕ್ಕೆ ಒಳಗಾಗಿದ್ದವರನ್ನು ಕರೆಸಿ, ನ್ಯಾಯಾಲಯದಲ್ಲಿಯೇ ಅವರನ್ನು ಆ ಸ್ಥಿತಿಗೆ ತಂದು ನಡೆಸಿಕೊಂಡು ಹೋಗಿ ತೋರಿಸಿದನು. ತನ್ನ ಪರಿಚಿತ ರೋಗಿಗಳು, ತನ್ನ ಆಜ್ಞೆ, ಮುಂದೆ ಕುಳಿತ ನ್ಯಾಯಾಧೀಶ! ಬೀದಿಯಲ್ಲಿ ಅಪರಿಚಿತನೊಬ್ಬ ಹುಡುಗನನ್ನು ಸೆಳೆದೊಯ್ಯಬಲ್ಲನೆಂಬುದಕ್ಕೆ ಇದು ಹೇಗೆ ಸಾಕ್ಷ್ಯವಾದೀತು? ವೈದ್ಯನ ಸಿದ್ಧಾಂತವೂ ಬಜಾರಿನ ಭಯವೂ ಒಂದೇ ಕಟಕಟೆಯಲ್ಲಿ ನಿಂತು ಒಂದನ್ನೊಂದು ಸಮರ್ಥಿಸಿದ ಅಪೂರ್ವ ದೃಶ್ಯವದು. ಸಮ್ಮೋಹನದ ತಪ್ಪುಗ್ರಹಿಕೆ ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಹೇಗೆ ಅಪಾಯಕ್ಕೆ ಒಡ್ಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಾಗಿಲ್ಲ.

ನಿದ್ರೆಯೆಂಬ ಹೆಸರು, ಗೋಡೆಯ ಮೇಲಿನ ಚಿತ್ರ

ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1841ರ ನವೆಂಬರಿನಲ್ಲಿ ಒಬ್ಬ ಪ್ರದರ್ಶಕನ ಆಟವನ್ನು ಅನುಮಾನದಿಂದಲೇ ನೋಡಿ, ಮನೆಗೆ ಬಂದು, ಗೆಳೆಯನಿಗೆ ಮದ್ಯದ ಸೀಸೆಯ ತುದಿಯನ್ನೂ ಹೆಂಡತಿಗೆ ಸಕ್ಕರೆ ಬಟ್ಟಲನ್ನೂ ದಿಟ್ಟಿಸಲು ಹೇಳಿದನು. ಇಬ್ಬರ ರೆಪ್ಪೆಗಳೂ ಮುಚ್ಚಿದವು. ಸಕ್ಕರೆ ಬಟ್ಟಲಿನಿಂದ ಕಾಂತದ್ರವ ಹರಿಯುವುದೆಂದು ಯಾರೂ ಹೇಳಲಾರರಷ್ಟೆ! 1843ರ ತನ್ನ ಗ್ರಂಥದಲ್ಲಿ ಅವನು ಬಳಸಿ ರೂಢಿಗೆ ತಂದ ‘ಹಿಪ್ನಾಟಿಸಂ’ ಎಂಬ ಹೆಸರಿನ ಮೂಲ, ಗ್ರೀಕರ ನಿದ್ರಾದೇವತೆ. ಇದು ನಿದ್ರೆಯಲ್ಲ, ಒಂದೇ ಭಾವದ ಮೇಲೆ ಮನಸ್ಸು ನೆಲೆಗೊಂಡ ಸ್ಥಿತಿ ಎಂದು ಕೆಲವೇ ವರ್ಷಗಳಲ್ಲಿ ಅವನಿಗೇ ಮನವರಿಕೆಯಾಗಿ, ಆ ಅರ್ಥದ ಬೇರೊಂದು ಪದವನ್ನು ಸೂಚಿಸಿದನು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಘಟ್ಟ ಫ್ರಾನ್ಸಿನದು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ, ಸಮ್ಮೋಹನವು ಉನ್ಮಾದ ರೋಗಿಗಳಲ್ಲಿ ಮಾತ್ರ ಕಾಣುವ ನರಸಂಬಂಧಿ ವಿಕಾರವೆಂದೂ, ಅದಕ್ಕೆ ನಿಯತವಾದ ಮೂರು ಹಂತಗಳಿವೆಯೆಂದೂ ಹೇಳಿದನು. ನಾನ್ಸಿ ನಗರದ ಲಿಯೆಬೊ ಮತ್ತು ಬರ್ನ್‌ಹೈಮ್, ಇದು ಆರೋಗ್ಯವಂತರಲ್ಲೂ ಸಹಜ, ಎಲ್ಲವೂ ಸೂಚನೆಯ ಫಲ ಎಂದರು. ಫಾರಿಯಾನಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಿದವನು ಬರ್ನ್‌ಹೈಮನೇ. ಈ ವಾದದಲ್ಲಿ ಯಾರು ಸರಿಯೆಂಬುದನ್ನು 1887ರಲ್ಲಿ ಬ್ರುಯೆ ಬರೆದ ಪ್ರಸಿದ್ಧ ವರ್ಣಚಿತ್ರವೇ ಹೇಳಿಬಿಡುತ್ತದೆ. ಶಾರ್ಕೋ ಪಾಠ ಹೇಳುತ್ತಿದ್ದಾನೆ. ರೋಗಿಣಿ ಸಹಾಯಕನ ತೋಳಿನಲ್ಲಿ ಹಿಂದಕ್ಕೆ ಬಾಗುತ್ತಿದ್ದಾಳೆ. ಸಭಾಂಗಣದ ಎದುರು ಗೋಡೆಯ ಮೇಲೆ, ಅವಳಿಗೆ ಅಭಿಮುಖವಾಗಿ, ಬಿಲ್ಲಿನಂತೆ ಬಾಗಿದ ರೋಗಿಣಿಯ ರೇಖಾಚಿತ್ರ ತೂಗುತ್ತಿದೆ. ಏನು ಮಾಡಬೇಕೆಂಬುದು ಗೋಡೆಯ ಮೇಲೆಯೇ ಇತ್ತು.

ಇಚ್ಛೆಗೆ ವಿರುದ್ಧವಾಗಿ ಅಪರಾಧ ಮಾಡಿಸಬಹುದೇ ಎಂಬ ಪ್ರಶ್ನೆ 1890ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವನ್ನು ಮುಟ್ಟಿತು. ಗುಫೆ ಎಂಬವನ ಕೊಲೆಯಲ್ಲಿ ಸಹಾಪರಾಧಿಯಾದ ಗ್ಯಾಬ್ರಿಯೆಲ್ ಬೊಂಪಾರ್, ಪ್ರಿಯಕರ ಐರೋನ ಸಮ್ಮೋಹನಕ್ಕೆ ಸಿಕ್ಕಿದ್ದಳೆಂದು ನಾನ್ಸಿಯ ಕಾನೂನು ಪ್ರಾಧ್ಯಾಪಕ ಲಿಯೆಜ್ವಾ ವಾದಿಸಿದನು. ಪ್ಯಾರಿಸ್ಸಿನ ವೈದ್ಯರು ಒಪ್ಪಲಿಲ್ಲ. ಅವಳಿಗೆ ಇಪ್ಪತ್ತು ವರ್ಷಗಳ ಕಠಿಣ ಶಿಕ್ಷೆಯಾಯಿತು, ಅವನ ತಲೆ ಉರುಳಿತು. ನಾಲ್ಕು ವರ್ಷಗಳ ಅನಂತರ ಇಂಗ್ಲೆಂಡಿನಲ್ಲಿ ‘ಟ್ರಿಲ್ಬಿ’ ಕಾದಂಬರಿ ಬಂತು. ಅದರ ಸ್ವೆಂಗಾಲಿ ಎಂಬ ದುಷ್ಟ ಸಮ್ಮೋಹಕನೇ ಸಿನಿಮಾಗಳ ಚಕ್ರಸುತ್ತುವ ಕಣ್ಣಿನ ಮಾಂತ್ರಿಕರಿಗೆಲ್ಲ ಮೂಲಪುರುಷ.

ಅಳತೆಗೋಲು

ಇಪ್ಪತ್ತನೆಯ ಶತಮಾನದ ಸಾಧನೆಯೆಂದರೆ ಅಳೆಯಲು ಕಲಿತದ್ದು. ವೈಟ್ಸನ್‌ಹಾಫರ್ ಮತ್ತು ಹಿಲ್ಗಾರ್ಡ್ ಅವರು 1959ರಲ್ಲಿ ರೂಪಿಸಿದ ಸ್ಟ್ಯಾನ್‌ಫರ್ಡ್ ಮಾಪಕದಲ್ಲಿ ಹನ್ನೆರಡು ಅಂಶಗಳಿವೆ. ಸೂಚನೆಗಳೆಲ್ಲ ಒಂದೇ, ಹೇಳುವ ಧಾಟಿಯೂ ಒಂದೇ. ಆದರೂ ಕೆಲವರು ಹೆಚ್ಚಿನವಕ್ಕೆ ಸ್ಪಂದಿಸುತ್ತಾರೆ, ಕೆಲವರು ಒಂದಕ್ಕೂ ಇಲ್ಲ, ಬಹುಮಂದಿ ನಡುವೆ. ಒಬ್ಬನ ಅಂಕ ವರ್ಷಗಳು ಕಳೆದರೂ ಹೆಚ್ಚು ಬದಲಾಗುವುದಿಲ್ಲ. ಮೂರು ಬಾರಿ ಯತ್ನಿಸಿ ಬಿಟ್ಟುಬಿಡುತ್ತಿದ್ದ ಫಾರಿಯಾನ ಊಹೆಗೆ ದೊರೆತ ಅಂಕಿಸಂಖ್ಯೆಯ ರೂಪವಿದು. ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯೂ ಸಮ್ಮೋಹಿತನು ನಿದ್ರಿಸುತ್ತಿಲ್ಲವೆಂದೇ ತೋರಿಸುತ್ತದೆ.

ಇಚ್ಛಾಶಕ್ತಿಯ ವಿಷಯಕ್ಕೆ ಮಾರ್ಟಿನ್ ಓರ್ನ್ ಮತ್ತು ಫ್ರೆಡರಿಕ್ ಇವಾನ್ಸ್ ಅವರ 1965ರ ಪ್ರಯೋಗ ನಿರ್ಣಾಯಕವಾದುದು. ವಿಷಸರ್ಪವನ್ನು ಹಿಡಿ, ಹೊಗೆಯಾಡುವ ಆಮ್ಲದಲ್ಲಿ ಕೈಯಿಡು ಎಂದರೆ ಸಮ್ಮೋಹಿತರಲ್ಲಿ ಹೆಚ್ಚಿನವರು ಮುಂದಾದರು. ಆದರೆ ಸಮ್ಮೋಹಿತರಂತೆ ನಟಿಸಲು ಹೇಳಿದ್ದವರೂ ಹಾಗೆಯೇ ಮಾಡಿದರು! ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ತಮಗೆ ಕೇಡಾಗಲು ಬಿಡುವುದಿಲ್ಲವೆಂದು ಅವರೆಲ್ಲ ನಂಬಿದ್ದರು. ವಿಧೇಯತೆಗೆ ಕಾರಣ ಸಮ್ಮೋಹನವಲ್ಲ, ಸಂಸ್ಥೆಯ ಮೇಲಿನ ಭರವಸೆ. ಹೂಗ್ಲಿಯ ನ್ಯಾಯಾಲಯದ ಪ್ರದರ್ಶನವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು.

ನೋವಿನ ವಿಷಯದಲ್ಲಿ ಎಸ್ಡೇಲನ ಅನುಭವ ಸುಳ್ಳಾಗಲಿಲ್ಲ. 1997ರಲ್ಲಿ ಪಿಯೆರ್ ರೈನ್ವಿಲ್ ಮತ್ತು ಸಂಗಡಿಗರು ಬಿಸಿನೀರಿನಲ್ಲಿ ಕೈಯಿಟ್ಟವರಿಗೆ ನೋವಿನ ಅಹಿತವನ್ನು ಮಾತ್ರ ಹೆಚ್ಚಿಸುವ, ಕುಗ್ಗಿಸುವ ಸೂಚನೆ ಕೊಟ್ಟಾಗ, ಅಹಿತಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆ ಅದಕ್ಕನುಗುಣವಾಗಿ ಬದಲಾದುದನ್ನು ತೋರಿಸಿದರು. ಸ್ಪರ್ಶ, ಉಷ್ಣಗಳನ್ನು ಗ್ರಹಿಸುವ ಭಾಗದಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ನಟನೆಯೆಂಬ ಕಲ್ಕತ್ತೆಯ ವೈದ್ಯರ ಆಕ್ಷೇಪಕ್ಕೆ ಒಂದೂವರೆ ಶತಮಾನದ ಅನಂತರ ಬಂದ ಉತ್ತರವೆಂದು ಇದನ್ನು ಪರಿಗಣಿಸಬಹುದು. ಬ್ರಿಟಿಷ್ ವೈದ್ಯಕೀಯ ಸಂಘ 1955ರಲ್ಲಿಯೂ ಅಮೆರಿಕದ ವೈದ್ಯಕೀಯ ಸಂಘ 1958ರಲ್ಲಿಯೂ ಸಮ್ಮೋಹನಕ್ಕೆ ಚಿಕಿತ್ಸೆಯ ಒಂದು ಸಾಧನವಾಗಿ ಮನ್ನಣೆ ನೀಡಿದ್ದವು. ಸುಟ್ಟಗಾಯ, ಹಲ್ಲಿನ ಚಿಕಿತ್ಸೆ, ಹೆರಿಗೆಗಳ ನೋವಿನಲ್ಲಿ ಪೂರಕವಾಗಿ ಅದರ ಬಳಕೆಯುಂಟು. ಎಲ್ಲರಿಗೂ ಒದಗದೆಂಬ ಮಿತಿಯೂ ಉಂಟು.

ಉಳಿದದ್ದು ನೆನಪಿನ ಪ್ರಶ್ನೆ. ಸಮ್ಮೋಹನದಲ್ಲಿ ಹುದುಗಿದ ಸತ್ಯ ಮೇಲೆದ್ದು ಬರುತ್ತದೆಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾದುದು. ಹಾಗೆ ಮೇಲೆದ್ದ ನೆನಪು ಸಹಜ ನೆನಪಿಗಿಂತ ನಂಬಲರ್ಹವಲ್ಲ, ಅದರಲ್ಲಿ ಕಲ್ಪಿತ ವಿವರಗಳು ಬೆರೆಯುತ್ತವೆ, ಹೇಳುವವನ ಆತ್ಮವಿಶ್ವಾಸ ಮಾತ್ರ ಹೆಚ್ಚುತ್ತದೆ ಎಂದು ಅಮೆರಿಕದ ವೈದ್ಯಕೀಯ ಸಂಘದ ಸಮಿತಿ 1985ರಲ್ಲಿಯೇ ಎಚ್ಚರಿಸಿತು. ಆದರೂ 2009ರಲ್ಲಿ ಹಿಂದಿಯ ಟೆಲಿವಿಷನ್ ವಾಹಿನಿಯೊಂದು ಪ್ರಸಿದ್ಧ ವ್ಯಕ್ತಿಗಳನ್ನು ಮಲಗಿಸಿ ಅವರಿಂದ ಪೂರ್ವಜನ್ಮದ ವೃತ್ತಾಂತ ಹೇಳಿಸುವ ಕಾರ್ಯಕ್ರಮವನ್ನೇ ನಡೆಸಿತು.

ಇದೇ ನಂಬಿಕೆಯ ಒಡಹುಟ್ಟಿದ ಇನ್ನೊಂದು ರೂಪ ನಮ್ಮ ರಾಜ್ಯದಲ್ಲಿಯೇ ಬೆಳೆಯಿತು. ಆರೋಪಿಗೆ ಸೋಡಿಯಂ ಪೆಂಟಥಾಲ್ ಚುಚ್ಚಿ, ಅರೆ ಎಚ್ಚರದಲ್ಲಿ ಪ್ರಶ್ನಿಸುವ ‘ಮಂಪರು ಪರೀಕ್ಷೆ’ಗೆ 2000ದ ದಶಕದಲ್ಲಿ ಬೆಂಗಳೂರು ದೇಶದಲ್ಲೇ ಹೆಸರಾಗಿತ್ತು, ಪತ್ರಿಕೆಗಳೂ ವಾಹಿನಿಗಳೂ ಅದರ ತುಣುಕುಗಳನ್ನು ಸತ್ಯವಾಕ್ಯಗಳೆಂಬಂತೆ ಬಿತ್ತರಿಸಿದವು. ಇದು ಸಮ್ಮೋಹನವಲ್ಲ, ಔಷಧದ ಪರಿಣಾಮ. ಆದರೆ ಇಚ್ಛೆ ಮಲಗಿದರೆ ಸತ್ಯ ಏಳುತ್ತದೆಂಬ ತರ್ಕ ಎರಡಕ್ಕೂ ಒಂದೇ. ಸೆಲ್ವಿ ಮತ್ತು ಇತರರು ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪು ನೀಡಿತು. ಒಬ್ಬನ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆ ನಡೆಸುವುದು ಸಂವಿಧಾನದ 20(3)ನೆಯ ವಿಧಿಗೆ ವಿರುದ್ಧ. ಒಪ್ಪಿ ಒಳಗಾದರೂ ಅಲ್ಲಿ ಆಡಿದ ಮಾತು ತನ್ನಷ್ಟಕ್ಕೆ ಸಾಕ್ಷ್ಯವಾಗದು, ಏಕೆಂದರೆ ಆಡುವ ಹೊತ್ತಿಗೆ ಉತ್ತರದ ಮೇಲೆ ಅವನಿಗೆ ಹಿಡಿತವಿರುವುದಿಲ್ಲ ಎಂದು ಅದು ಹೇಳಿತು. ಒಪ್ಪಿಗೆಯನ್ನು ಪೊಲೀಸರಲ್ಲ, ನ್ಯಾಯಿಕ ಮ್ಯಾಜಿಸ್ಟ್ರೇಟರು ದಾಖಲಿಸಿಕೊಳ್ಳಬೇಕು. ಆಗ ಆ ವ್ಯಕ್ತಿಯ ಪಕ್ಕದಲ್ಲಿ ಅವನ ವಕೀಲನಿರಬೇಕು.